ಟವರ್ ಇಲ್ಲದ ರನ್‌ವೇ: ಹಾಸನ, ಚಿಕ್ಕಮಗಳೂರು ಕಡೆಯ ಹೊಸ ಪೈಲಟ್‌ಗಳಿಗೂ ನೆಲದ ಸಿಬ್ಬಂದಿಗೂ ಒಂದು ಸಮಗ್ರ ಮಾರ್ಗದರ್ಶಿ

ಟವರ್, ಅಂದರೆ ವಿಮಾನಗಳ ಓಡಾಟ ನಿಯಂತ್ರಿಸುವ ಕೇಂದ್ರ, ಇಲ್ಲದ ರನ್‌ವೇಯಲ್ಲಿ "ಇಳಿಯಬಹುದು" ಅಂತ ನಿಮಗೆ ಯಾರೂ ಹೇಳುವುದಿಲ್ಲ. "ಈಗ ಬೇಡ, ಇನ್ನೊಂದು ಸುತ್ತು ಹಾಕಿ ಬನ್ನಿ" ಅಂತಲೂ ಯಾರೂ ಹೇಳುವುದಿಲ್ಲ. ರೇಡಿಯೊದಲ್ಲಿ ನೀವು ಮಾತಾಡುತ್ತೀರಿ, ಸುತ್ತಮುತ್ತ ಹಾರುತ್ತಿರುವ ಬೇರೆ ಪೈಲಟ್‌ಗಳು ಮಾತಾಡುತ್ತಾರೆ. ಉಳಿದ ತೀರ್ಮಾನವೆಲ್ಲ ನಿಮ್ಮದೇ.

ಗೊರೂರಿನ ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಏರ್ ಡೆಕ್ಕನ್ ಶುರು ಮಾಡಿ ದೇಶದ ಸಣ್ಣ ಸಣ್ಣ ಊರುಗಳಿಗೆ ವಿಮಾನ ಹಾರಿಸಿದರು. ಅವರದೇ ಜಿಲ್ಲೆಯ ಬೂವನಹಳ್ಳಿಯ ವಿಮಾನ ನಿಲ್ದಾಣ ಮಾತ್ರ ಹತ್ತಾರು ವರ್ಷ ನನೆಗುದಿಗೆ ಬಿತ್ತು. ಚಿಕ್ಕಮಗಳೂರಿನ ಏರ್‌ಸ್ಟ್ರಿಪ್ ಮಾತೂ ಹಳೆಯದೇ. ಆದರೆ ಅದಕ್ಕೆಲ್ಲ ಕಾಯದೆ ನಮ್ಮ ಕಡೆಯ ಹುಡುಗ ಹುಡುಗಿಯರು ಪೈಲಟ್ ತರಬೇತಿಗೆ ಹೋಗುತ್ತಿದ್ದಾರೆ. ಎಷ್ಟೋ ಫ್ಲೈಯಿಂಗ್ ಸ್ಕೂಲ್‌ಗಳು ಇರುವುದು ಟವರ್ ಇಲ್ಲದ ಏರ್‌ಸ್ಟ್ರಿಪ್‌ಗಳಲ್ಲೇ. ಮೊದಲ ಸೋಲೊ ಹಾರಾಟವನ್ನೂ ಅಲ್ಲೇ ಮಾಡಬೇಕಾಗುತ್ತದೆ. ಈ ವಿಷಯ ಕನ್ನಡದಲ್ಲಿ ಬಿಡಿಸಿ ಹೇಳಿದ್ದು ಸಿಗುವುದು ಕಷ್ಟ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಎರಡು ಮಾತು ಮೊದಲೇ ಹೇಳಿಬಿಡುತ್ತೇನೆ. ಇದು ತರಬೇತಿಗೆ ಬದಲಿ ಅಲ್ಲ. ನಿಮ್ಮ ಇನ್‌ಸ್ಟ್ರಕ್ಟರ್ ಹೇಳಿದ್ದು, ಆ ಏರ್‌ಸ್ಟ್ರಿಪ್‌ನ ಸ್ಥಳೀಯ ನಿಯಮ, ಇವೇ ಅಂತಿಮ. ಇನ್ನು, ಕೆಳಗಿನ ಉದಾಹರಣೆಗಳಲ್ಲಿ ಬರುವ "ಹಾಸನ ಟ್ರಾಫಿಕ್", ರನ್‌ವೇ 09 ಮತ್ತು 27 (ಒಂದೇ ರನ್‌ವೇ, ಪೂರ್ವಕ್ಕೆ ಮುಖ ಮಾಡಿ ಬಳಸಿದರೆ 09, ಪಶ್ಚಿಮಕ್ಕಾದರೆ 27), ವಿಮಾನದ ಹೆಸರು ಎಲ್ಲವೂ ವಿವರಿಸುವುದಕ್ಕೆಂದು ನಾನೇ ಇಟ್ಟುಕೊಂಡವು. ಅವನ್ನು ಹಾರಾಟಕ್ಕೆ ಬಳಸಬೇಡಿ.

ರೇಡಿಯೊ ಏನು ಮಾಡುತ್ತದೆ, ಏನು ಮಾಡುವುದಿಲ್ಲ

ಚಾರ್ಮಾಡಿ ಘಾಟಿಯ ತಿರುವಿನಲ್ಲಿ ನಾವು ಹಾರ್ನ್ ಹೊಡೆಯುತ್ತೇವೆ ಅಲ್ವಾ? ಎದುರಿನಿಂದ ಹಾರ್ನ್ ಕೇಳಲಿಲ್ಲ ಅಂತ ಯಾರೂ ಬಲಗಡೆಗೆ ನುಗ್ಗುವುದಿಲ್ಲ. ಟವರ್ ಇಲ್ಲದ ಕಡೆ ರೇಡಿಯೊ ಕೆಲಸವೂ ಅಷ್ಟೇ. ನೀವು ಎಲ್ಲಿದ್ದೀರಿ, ಮುಂದೇನು ಮಾಡುತ್ತೀರಿ ಅಂತ ತಿಳಿಸುತ್ತದೆ. ದಾರಿ ಖಾಲಿ ಇದೆ ಅಂತ ಖಾತ್ರಿ ಕೊಡುವುದಿಲ್ಲ.

ರೇಡಿಯೊ ಸುಮ್ಮನಿದೆ ಅಂದರೆ ಅಲ್ಲಿ ನಿಜಕ್ಕೂ ಯಾರೂ ಇಲ್ಲದಿರಬಹುದು. ಅಥವಾ ಇರುವ ವಿಮಾನದಲ್ಲಿ ರೇಡಿಯೊ ಕೆಟ್ಟಿರಬಹುದು. ಆ ಪೈಲಟ್ ಬೇರೆ ಫ್ರೀಕ್ವೆನ್ಸಿಯಲ್ಲಿ ಇರಬಹುದು. ನಿಮ್ಮದೇ ವಾಲ್ಯೂಮ್ ಕಡಿಮೆ ಇರಬಹುದು. ಇಬ್ಬರೂ ಒಂದೇ ಕ್ಷಣಕ್ಕೆ ಬಟನ್ ಒತ್ತಿ ಇಬ್ಬರ ಮಾತೂ ಹಾಳಾಗಿರಬಹುದು. ಕಾಕ್‌ಪಿಟ್‌ನಲ್ಲಿ ಕೂತವರಿಗೆ ಇವೆಲ್ಲ ಒಂದೇ ಥರ ಕೇಳಿಸುತ್ತವೆ. ಆದ್ದರಿಂದ ಮೌನ ಇದ್ದಾಗ ಕಣ್ಣಿಗೆ ಕೆಲಸ ಜಾಸ್ತಿ.

ಕೆಲವು ಕಡೆ ಫ್ಲೈಯಿಂಗ್ ಕ್ಲಬ್‌ನವರೋ ಏರ್‌ಸ್ಟ್ರಿಪ್ ಸಿಬ್ಬಂದಿಯೋ ನೆಲದಿಂದ ಉತ್ತರ ಕೊಡುತ್ತಾರೆ. ಗಾಳಿ ಯಾವ ಕಡೆಯಿಂದ ಬೀಸುತ್ತಿದೆ, ಯಾವ ವಿಮಾನ ಎಲ್ಲಿದೆ ಅಂತ ಹೇಳುತ್ತಾರೆ. ಅದು ಮಾಹಿತಿ ಮಾತ್ರ, ಅನುಮತಿ ಅಲ್ಲ. "ರನ್‌ವೇ ಕ್ಲಿಯರ್" ಅಂತ ಕೇಳಿಸಿದ ಮೇಲೂ ರನ್‌ವೇಯನ್ನು ನೀವೇ ನೋಡಬೇಕು. ನೆಲದಲ್ಲಿ ನಿಂತವರಿಗೆ ಆ ತುದಿಯಲ್ಲಿ ಅಡ್ಡ ಬಂದ ನಾಯಿ ಕಾಣದೇ ಇರಬಹುದು.

ಹೊರಡುವ ಮೊದಲು

ಮೊದಲ ಹೆಜ್ಜೆ ಫೋನ್. ಏರ್‌ಸ್ಟ್ರಿಪ್ ನೋಡಿಕೊಳ್ಳುವವರಿಗೆ ಕರೆ ಮಾಡಿ. ಇಳಿಯಲು ಅನುಮತಿ ಬೇಕೇ? ಯಾವ ಫ್ರೀಕ್ವೆನ್ಸಿ ಬಳಸುತ್ತಾರೆ? ಸರ್ಕ್ಯೂಟ್, ಅಂದರೆ ಇಳಿಯುವ ಮೊದಲು ರನ್‌ವೇ ಸುತ್ತ ಹಾರುವ ಆಯತಾಕಾರದ ದಾರಿ, ಎಡಕ್ಕೋ ಬಲಕ್ಕೋ? ರನ್‌ವೇಯಲ್ಲಿ ರಿಪೇರಿ ನಡೆಯುತ್ತಿದೆಯೇ? ಬೆಂಕಿ ಆರಿಸುವ ವ್ಯವಸ್ಥೆ ಇದೆಯೇ? ಇಂಧನ ಸಿಗುತ್ತದೆಯೇ? ಆಮೇಲೆ ನೋಟಮ್, ಅಂದರೆ ಪೈಲಟ್‌ಗಳಿಗೆಂದು ಹೊರಡಿಸುವ ಸೂಚನೆ, ಓದಿ. ನೋಟಮ್‌ನಲ್ಲಿ ಇಲ್ಲದ ಎಷ್ಟೋ ಸಂಗತಿ ಫೋನಿನಲ್ಲಿ ಗೊತ್ತಾಗುತ್ತದೆ. "ನಿನ್ನೆ ಮಳೆಗೆ ಪೂರ್ವದ ತುದಿಯಲ್ಲಿ ನೀರು ನಿಂತಿದೆ" ಅನ್ನುವಂಥದ್ದು ಅಲ್ಲಿರುವವರಿಂದಲೇ ತಿಳಿಯಬೇಕು.

ನಮ್ಮ ದೇಶದಲ್ಲಿ ಫ್ಲೈಟ್ ಪ್ಲಾನ್ ಜೊತೆಗೆ ಎಫ್‌ಐಸಿ (ವಿಮಾನ ಮಾಹಿತಿ ಕೇಂದ್ರ) ನಂಬರ್ ಮತ್ತು ವಾಯು ರಕ್ಷಣೆಯವರು ಕೊಡುವ ಎಡಿಸಿ (ಅನುಮತಿ) ನಂಬರ್ ಇರುತ್ತವೆ. ಹಾಸನ, ಚಿಕ್ಕಮಗಳೂರು ಬರುವುದು ಚೆನ್ನೈ ವಿಮಾನ ಮಾಹಿತಿ ವಲಯಕ್ಕೆ. ಟವರ್ ಇಲ್ಲದ ಕಡೆಯಿಂದ ಹೊರಡುವಾಗ ಈ ನಂಬರ್‌ಗಳನ್ನು ಮೊದಲೇ ಬರೆದು ಮೊಣಕಾಲಿನ ಪ್ಯಾಡ್‌ಗೆ ಸಿಕ್ಕಿಸಿಕೊಳ್ಳಿ. ಮೇಲೇರಿದ ಮೇಲೆ ಮೊದಲ ರೇಡಾರ್ ಘಟಕ ಕೇಳುವುದೇ ಅದನ್ನು.

ಸಮಯದ ಲೆಕ್ಕವೂ ಮುಖ್ಯ. ಭಾರತದಲ್ಲಿ ಸಾಮಾನ್ಯವಾಗಿ ಸೂರ್ಯೋದಯಕ್ಕೆ 20 ನಿಮಿಷ ಮೊದಲಿನಿಂದ ಸೂರ್ಯಾಸ್ತವಾಗಿ 20 ನಿಮಿಷದವರೆಗೆ ಮಾತ್ರ ಕಣ್ಣಳತೆಯ ಹಾರಾಟ, ಅಂದರೆ ವಿಎಫ್‌ಆರ್. ಕಾನೂನು ಆ ಕೊನೆಯ ನಿಮಿಷದವರೆಗೂ ಬಿಡುತ್ತದೆ. ಮಲೆನಾಡು ಬಿಡುವುದಿಲ್ಲ. ಸಂಜೆ ಬಿಸಿಲು ಇಳಿಜಾರಾಗಿ ನೇರ ಕಣ್ಣಿಗೆ ಹೊಡೆಯುವ ಹೊತ್ತಿನಲ್ಲಿ ಪಶ್ಚಿಮಕ್ಕೆ ಮುಖ ಮಾಡಿ ಇಳಿಯುವುದು ಕಷ್ಟ. ಚಳಿಗಾಲದ ಬೆಳಗಿನಲ್ಲಿ ಕಣಿವೆಯ ಮಂಜು ಬಿಸಿಲೇರಿದ ಮೇಲೂ ಕರಗದೇ ಇರಬಹುದು. ಕಾಫಿ ಹೂವಿನ ಮಳೆಯ ಕಾಲದಲ್ಲಿ, ಮಾರ್ಚ್ ಏಪ್ರಿಲ್‌ನಲ್ಲಿ, ಮಧ್ಯಾಹ್ನ ಗುಡುಗು ಮೋಡ ಬೇಗ ಕಟ್ಟುತ್ತದೆ. ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್, ಅಂದರೆ 6,300 ಅಡಿಗೂ ಎತ್ತರ. ಮಳೆಗಾಲದಲ್ಲಿ ಅದರ ನೆತ್ತಿ ಎಷ್ಟೋ ದಿನ ಕಾಣುವುದೇ ಇಲ್ಲ. ಬೆಳಿಗ್ಗೆಯೇ ಹೋಗಿ, ವಾಪಸಾಗಲು ಮೈಸೂರು ಅಥವಾ ಮಂಗಳೂರಿನಂಥ ಬದಲಿ ನಿಲ್ದಾಣಕ್ಕೆ ಸಾಕಾಗುವಷ್ಟು ಇಂಧನ ಇಟ್ಟುಕೊಳ್ಳಿ.

ರನ್‌ವೇ ಉದ್ದ ಸಾಕೇ ಅನ್ನುವ ಲೆಕ್ಕವನ್ನು ನಮ್ಮ ಎತ್ತರದಲ್ಲಿ ಎರಡು ಸಲ ಹಾಕಬೇಕು. ಹಾಸನ ಸಮುದ್ರ ಮಟ್ಟದಿಂದ ಸುಮಾರು 950 ಮೀಟರ್ ಮೇಲಿದೆ, ಅಂದಾಜು 3,100 ಅಡಿ. ಆ ಎತ್ತರಕ್ಕೆ ಪ್ರಮಾಣಿತ ವಾತಾವರಣದ ಉಷ್ಣಾಂಶ 9 ಡಿಗ್ರಿ. ಏಪ್ರಿಲ್ ಮಧ್ಯಾಹ್ನ 33 ಡಿಗ್ರಿ ಇದ್ದರೆ 24 ಡಿಗ್ರಿ ಜಾಸ್ತಿ. ಬಿಸಿ ಗಾಳಿ ತೆಳು, ಆದ್ದರಿಂದ ಒಂದೊಂದು ಡಿಗ್ರಿಗೂ ಊರಿನ ಎತ್ತರಕ್ಕೆ ಸುಮಾರು 120 ಅಡಿ ಸೇರಿಸಬೇಕು. 24ನ್ನು 120ರಿಂದ ಗುಣಿಸಿದರೆ 2,880. ಅಂದರೆ ನಿಮ್ಮ ಎಂಜಿನ್ನಿಗೂ ರೆಕ್ಕೆಗೂ ಆ ಮಧ್ಯಾಹ್ನದ ಹಾಸನ ಸುಮಾರು 6,000 ಅಡಿ ಎತ್ತರದ ಊರು. ಎಂಜಿನ್ ಶಕ್ತಿ ಕುಗ್ಗುತ್ತದೆ, ಓಟ ಉದ್ದವಾಗುತ್ತದೆ, ಏರುವುದು ನಿಧಾನವಾಗುತ್ತದೆ. ವಿಮಾನದ ಕೈಪಿಡಿಯ ಪಟ್ಟಿಯಲ್ಲಿ ಈ ಎತ್ತರದ ಸಾಲನ್ನೇ ನೋಡಿ.

ಎತ್ತರ ತೋರಿಸುವ ಆಲ್ಟಿಮೀಟರ್ ವಿಷಯಕ್ಕೆ ನಮ್ಮ ಊರಿನದೇ ಒಂದು ಒಳ್ಳೆಯ ಗುರುತಿದೆ. ಗೊರೂರಿನ ಹೇಮಾವತಿ ಜಲಾಶಯದ ಗರಿಷ್ಠ ಮಟ್ಟ 2,922 ಅಡಿ. ಪ್ರತಿ ಮಳೆಗಾಲ ಪೇಪರ್‌ನಲ್ಲಿ ನೋಡುವ ಆ ಸಂಖ್ಯೆ ಸಮುದ್ರ ಮಟ್ಟದಿಂದ ಅಳೆದದ್ದು. ತುಂಬಿದ ಜಲಾಶಯದ ಮೇಲೆ ಹಾರುವಾಗ ಆಲ್ಟಿಮೀಟರ್ 4,000 ಅಡಿ ತೋರಿಸಿದರೆ, ನೀವು ನೀರಿನಿಂದ ಸಾವಿರ ಅಡಿ ಚಿಲ್ಲರೆ ಮೇಲೆ ಇದ್ದೀರಿ ಅಷ್ಟೇ. ಟವರ್ ಇಲ್ಲದ ಕಡೆ ಸ್ಥಳೀಯ ಒತ್ತಡದ ಅಂಕಿ, ಅಂದರೆ ಕ್ಯೂಎನ್‌ಎಚ್, ಕೊಡುವವರು ಇರುವುದಿಲ್ಲ. ಹತ್ತಿರದ ದೊಡ್ಡ ನಿಲ್ದಾಣದ್ದನ್ನು ಹಾಕಿಕೊಂಡು ಬರಬೇಕು. ಒಂದು ಹೆಕ್ಟೊಪಾಸ್ಕಲ್ ವ್ಯತ್ಯಾಸಕ್ಕೆ ಸುಮಾರು 30 ಅಡಿ ತಪ್ಪು ಬರುತ್ತದೆ. ಹೊರಡುವಾಗ ಸುಲಭ: ನಿಂತಲ್ಲೇ ಆಲ್ಟಿಮೀಟರ್‌ನಲ್ಲಿ ರನ್‌ವೇಯ ಎತ್ತರ ಬರುವಂತೆ ತಿರುಗಿಸಿ.

ರೇಡಿಯೊ ಸಿದ್ಧ ಮಾಡಿಕೊಳ್ಳುವುದು

ವಿಮಾನದ ರೇಡಿಯೊದಲ್ಲಿ ಮಾತಾಡಲು ಆರ್‌ಟಿಆರ್ ಪ್ರಮಾಣಪತ್ರ ಬೇಕು. ಹಿಂದೆ ಇದು ದೂರಸಂಪರ್ಕ ಇಲಾಖೆಯ ಕೈಯಲ್ಲಿತ್ತು. 2025ರ ಜನವರಿ 1ರಂದು ಜಾರಿಗೆ ಬಂದ ಭಾರತೀಯ ವಾಯುಯಾನ ಅಧಿನಿಯಮ ಅದನ್ನು ನಾಗರಿಕ ವಿಮಾನಯಾನ ನಿರ್ದೇಶನಾಲಯಕ್ಕೆ, ಅಂದರೆ ಡಿಜಿಸಿಎಗೆ, ಒಪ್ಪಿಸಿತು.

ವಿಮಾನದ ವಿಎಚ್‌ಎಫ್ ಮಾತುಕತೆ ನಡೆಯುವುದು 118ರಿಂದ 137 ಮೆಗಾಹರ್ಟ್ಸ್ ನಡುವೆ. ಈ ಅಲೆಗಳು ಹೆಚ್ಚುಕಡಿಮೆ ನೇರ ಸಾಗುತ್ತವೆ, ಬೆಟ್ಟವನ್ನು ದಾಟುವುದಿಲ್ಲ. ಸಾವಿರ ಅಡಿ ಮೇಲಿದ್ದರೆ ಬಯಲಿನಲ್ಲಿ ಸುಮಾರು 39 ನಾಟಿಕಲ್ ಮೈಲಿ ತಲುಪಬಹುದು. ಅದೇ ವಿಮಾನ ನೆಲದ ಮೇಲೆ ನಿಂತಿದ್ದರೆ, ನೆಲದಲ್ಲೇ ಇರುವ ಇನ್ನೊಂದು ರೇಡಿಯೊಗೆ ಕೆಲವೇ ಮೈಲಿ. ಬಾಬಾಬುಡನ್‌ಗಿರಿ ಸಾಲಿನ ಆಚೆಯಿಂದ ಕೆಳಮಟ್ಟದಲ್ಲಿ ಬರುವ ಹೆಲಿಕಾಪ್ಟರ್, ಬೆಟ್ಟ ದಾಟುವ ತನಕ ನಿಮ್ಮ ಕರೆಯನ್ನು ಕೇಳದೇ ಇರಬಹುದು. ಅದಕ್ಕೇ ಒಂದು ಸಲ ಹೇಳಿ ಸುಮ್ಮನಾಗಬಾರದು.

ಇನ್ನೊಂದು ಗುಣ ತಿಳಿದಿರಲಿ. ವಿಮಾನದ ರೇಡಿಯೊ ಕೆಲಸ ಮಾಡುವುದು ಎಎಂ ವಿಧಾನದಲ್ಲಿ. ಇಬ್ಬರು ಒಟ್ಟಿಗೆ ಬಟನ್ ಒತ್ತಿದರೆ ಮೂರನೆಯವರಿಗೆ ಕೀರಲು ಶಬ್ದ ಕೇಳುತ್ತದೆ. ಮಾತಾಡಿದ ಆ ಇಬ್ಬರಿಗೆ ಮಾತ್ರ ಏನೂ ಗೊತ್ತಾಗುವುದಿಲ್ಲ. 1977ರ ಮಾರ್ಚ್ 27ರಂದು ಸ್ಪೇನ್‌ನ ಟೆನೆರಿಫ್ ದ್ವೀಪದಲ್ಲಿ ಎರಡು ಜಂಬೊ ವಿಮಾನಗಳು ರನ್‌ವೇಯಲ್ಲೇ ಡಿಕ್ಕಿಯಾಗಿ 583 ಜನ ಸತ್ತರು. ಅಲ್ಲಿ ಟವರ್ ಇತ್ತು. ಆದರೂ ಎರಡು ಮುಖ್ಯ ಮಾತುಗಳು ಒಂದೇ ಹೊತ್ತಿಗೆ ಬಂದು, ಕೇಳಬೇಕಾದದ್ದು ಕೀರಲಿನಲ್ಲಿ ಮುಚ್ಚಿಹೋಯಿತು. ಕೀರಲು ಕೇಳಿಸಿದರೆ ನೀವೇ ಹೇಳಿ: "ಟು ಟ್ರಾನ್ಸ್‌ಮಿಷನ್ಸ್ ಅಟ್ ಒನ್ಸ್". ಮಾತಾಡಿದವರು ಮತ್ತೆ ಹೇಳುತ್ತಾರೆ.

ಫ್ರೀಕ್ವೆನ್ಸಿಯನ್ನು ಊಹಿಸಬೇಡಿ. ಅಮೆರಿಕದಲ್ಲಿ ಬೇರೆ ಏನೂ ಕೊಟ್ಟಿಲ್ಲದ ಏರ್‌ಸ್ಟ್ರಿಪ್‌ಗೆ 122.9, ಆಸ್ಟ್ರೇಲಿಯಾದಲ್ಲಿ 126.7. ಯೂಟ್ಯೂಬ್‌ನಲ್ಲಿ ಆ ದೇಶದ ವಿಡಿಯೊ ನೋಡಿ ಆ ಸಂಖ್ಯೆಯನ್ನೇ ಇಲ್ಲಿ ಹಾಕಿಕೊಂಡರೆ, ಯಾರಿಗೂ ಕೇಳದ ಜಾಗದಲ್ಲಿ ಸೊಗಸಾಗಿ ಮಾತಾಡಿದ ಹಾಗೆ ಆಗುತ್ತದೆ. ಆ ಏರ್‌ಸ್ಟ್ರಿಪ್‌ನ ಪ್ರಕಟಿತ ಮಾಹಿತಿಯಲ್ಲಿ ಇರುವುದನ್ನು ಹಾಕಿ, ಫೋನಿನಲ್ಲಿ ಕೇಳಿದ್ದಕ್ಕೆ ತಾಳೆ ನೋಡಿ. ಎರಡು ರೇಡಿಯೊ ಇದ್ದರೆ ಎರಡನೆಯದರಲ್ಲಿ 121.5 ಇರಲಿ. ಅದು ಜಗತ್ತಿನ ಎಲ್ಲೆಡೆ ತುರ್ತು ಫ್ರೀಕ್ವೆನ್ಸಿ.

ಒಂದು ಕರೆಯ ಒಳಗೆ ಏನೇನಿರಬೇಕು

ಬಟನ್ ಒತ್ತುವ ಮೊದಲು ಕೇಳಿ. ಹತ್ತು ಮೈಲಿಗೆ ಹೇಳಬೇಕಾದರೆ ಹದಿನೈದು ಮೈಲಿಯಿಂದಲೇ ಕಿವಿ ಕೊಟ್ಟಿರಿ. ಎಷ್ಟು ದನಿ, ಯಾವ ರನ್‌ವೇ, ಯಾರು ಹೊಸಬರು ಅನ್ನುವ ಚಿತ್ರ ತಲೆಯಲ್ಲಿ ಬರಲಿ. ಆಮೇಲೆ ಬಟನ್ ಒತ್ತಿ, ಅರ್ಧ ಸೆಕೆಂಡ್ ಬಿಟ್ಟು ಮಾತಾಡಿ. ಒತ್ತಿದ ತಕ್ಷಣ ಶುರು ಮಾಡಿದರೆ ಮೊದಲ ಪದ ಕತ್ತರಿಸಿಹೋಗುತ್ತದೆ. ಆ ಮೊದಲ ಪದವೇ ಊರಿನ ಹೆಸರು.

ಒಂದು ಪೂರ್ಣ ಕರೆ ಹೀಗಿರುತ್ತದೆ:

"ಹಾಸನ ಟ್ರಾಫಿಕ್, ವಿಕ್ಟರ್ ಟ್ಯಾಂಗೊ ಆಲ್ಫಾ ಬ್ರಾವೊ ಚಾರ್ಲಿ, ಸೆಸ್ನಾ ಒನ್ ಸೆವೆನ್ ಟು, ಟೆನ್ ಮೈಲ್ಸ್ ಸೌತ್‌ವೆಸ್ಟ್, ಫೈವ್ ಥೌಸಂಡ್ ಫೀಟ್, ಇನ್‌ಬೌಂಡ್ ಫಾರ್ ಲ್ಯಾಂಡಿಂಗ್, ಜಾಯಿನಿಂಗ್ ಓವರ್‌ಹೆಡ್, ಹಾಸನ ಟ್ರಾಫಿಕ್."

ಯಾರಿಗೆ, ಯಾರು (ವಿಕ್ಟರ್ ಟ್ಯಾಂಗೊ ಆಲ್ಫಾ ಬ್ರಾವೊ ಚಾರ್ಲಿ ಅಂದರೆ ವಿಟಿ-ಎಬಿಸಿ ಅನ್ನುವ ವಿಮಾನದ ಹೆಸರು), ಯಾವ ವಿಮಾನ, ಎಲ್ಲಿ, ಎಷ್ಟು ಎತ್ತರ, ಏನು ಮಾಡಲಿದ್ದೀರಿ. ಕೊನೆಗೆ ಮತ್ತೆ ಊರಿನ ಹೆಸರು. ಒಂದೇ ಫ್ರೀಕ್ವೆನ್ಸಿಯನ್ನು ಹಲವು ಏರ್‌ಸ್ಟ್ರಿಪ್‌ಗಳು ಹಂಚಿಕೊಂಡಿರಬಹುದು. ಮೊದಲ ಪದ ತಪ್ಪಿಸಿಕೊಂಡವರಿಗೆ ಕೊನೆಯ ಹೆಸರೇ ದಿಕ್ಕು. ಕೆಲವು ಕಡೆ "ಟ್ರಾಫಿಕ್" ಬದಲು "ಆಲ್ ಸ್ಟೇಷನ್ಸ್" ಅನ್ನುತ್ತಾರೆ. ಅಲ್ಲಿಯವರು ಬಳಸುವುದನ್ನೇ ಬಳಸಿ.

ಜಾಗ ಹೇಳುವಾಗ ಊರಿನವರಿಗೆ ಒಂದು ಎಚ್ಚರಿಕೆ. "ಓವರ್ ಗೊರೂರು ಡ್ಯಾಮ್" ಅಂದರೆ ನಮಗೆ ತಕ್ಷಣ ಕಣ್ಣ ಮುಂದೆ ಬರುತ್ತದೆ. ನಾಗಪುರದಿಂದ ಬಂದ ಪೈಲಟ್‌ಗೆ ಗೊರೂರು ಯಾವುದು, ಯಗಚಿ ಯಾವುದು ಗೊತ್ತಿರುವುದಿಲ್ಲ. ದೂರ ಮತ್ತು ದಿಕ್ಕು ಮೊದಲು ಹೇಳಿ, ಗುರುತಿನ ಹೆಸರು ಆಮೇಲೆ ಬೇಕಾದರೆ ಸೇರಿಸಿ. ದಿಕ್ಕು ಅಂದರೆ ಏರ್‌ಸ್ಟ್ರಿಪ್‌ನಿಂದ ನೀವು ಯಾವ ಕಡೆ ಇದ್ದೀರಿ ಅನ್ನುವುದು. ನೀವು ಹೋಗುತ್ತಿರುವ ದಿಕ್ಕನ್ನು ಹೇಳಿಬಿಟ್ಟರೆ ಕೇಳಿದವರು ನಿಮ್ಮನ್ನು ಆಕಾಶದ ಇನ್ನೊಂದು ಕಡೆ ಹುಡುಕುತ್ತಾರೆ.

"ಎನಿ ಟ್ರಾಫಿಕ್ ಇನ್ ದಿ ಏರಿಯಾ, ಪ್ಲೀಸ್ ಅಡ್ವೈಸ್" ಅನ್ನುವ ಮಾತನ್ನು ಬಿಟ್ಟುಬಿಡಿ. ಅದನ್ನು ಕೇಳಿ ನಾಲ್ಕು ಜನ ಒಟ್ಟಿಗೆ ಉತ್ತರ ಕೊಡುತ್ತಾರೆ, ಎಲ್ಲರದ್ದೂ ಕೀರಲು. ಸುಮ್ನೆ ನಿಮ್ಮ ಜಾಗ ಹೇಳಿ. ಹತ್ತಿರ ಇರುವವರು ತಾವಾಗಿಯೇ ಹೇಳುತ್ತಾರೆ.

"ಟೇಕ್‌ಆಫ್" ಪದವನ್ನು ನಿಜವಾಗಿ ಹೊರಡುವ ಕರೆಗೆ ಮಾತ್ರ ಇಟ್ಟುಕೊಳ್ಳಿ. ಅದಕ್ಕೆ ಮೊದಲಿನ ಎಲ್ಲ ಮಾತಿಗೂ "ಡಿಪಾರ್ಚರ್" ಅನ್ನಿ. ಟೆನೆರಿಫ್ ನಂತರ ಜಗತ್ತೆಲ್ಲ ಬಿಗಿಯಾಗಿ ಹಿಡಿದುಕೊಂಡ ಶಿಸ್ತು ಇದು.

ಇಳಿಯುವ ಹೆಜ್ಜೆಗಳು

ಹತ್ತು ಮೈಲಿಯಲ್ಲಿ ಮೊದಲ ಕರೆ. 90 ನಾಟ್ (ಗಂಟೆಗೆ 90 ನಾಟಿಕಲ್ ಮೈಲಿ) ವೇಗದ ತರಬೇತಿ ವಿಮಾನಕ್ಕೆ ಆ ಹತ್ತು ಮೈಲಿ ದಾಟಲು ಆರೂಮುಕ್ಕಾಲು ನಿಮಿಷ ಹತ್ತಿರ ಬೇಕು. ಆದರೆ ತಲಾ 100 ನಾಟ್‌ನಲ್ಲಿ ಎದುರುಬದುರು ಬರುವ ಎರಡು ವಿಮಾನಗಳ ನಡುವಿನ ಹತ್ತು ಮೈಲಿ ಮುಗಿಯುವುದು ಮೂರೇ ನಿಮಿಷದಲ್ಲಿ. ಲ್ಯಾಂಡಿಂಗ್ ಲೈಟ್ ಹಾಕಿ. ಬಿಸಿಲಲ್ಲೂ ದೂರದಿಂದ ಮೊದಲು ಕಾಣುವುದು ಅದೇ.

ಗೊತ್ತಿಲ್ಲದ ಏರ್‌ಸ್ಟ್ರಿಪ್‌ಗೆ ನೇರ ಇಳಿಯುವುದಕ್ಕಿಂತ ಮೇಲಿನಿಂದ ಒಮ್ಮೆ ದಾಟುವುದನ್ನೇ ನಾನು ಹೇಳುತ್ತೇನೆ. ಸರ್ಕ್ಯೂಟ್ ಸಾಮಾನ್ಯವಾಗಿ ನೆಲದಿಂದ 1,000 ಅಡಿ. ಅದಕ್ಕಿಂತ ಕನಿಷ್ಠ 500 ಅಡಿ ಮೇಲೆ ದಾಟಿ. ಗಾಳಿಯ ದಿಕ್ಕು ತೋರಿಸುವ ಬಟ್ಟೆಯ ಚೀಲ, ಅಂದರೆ ವಿಂಡ್‌ಸಾಕ್, ನೋಡಿ. ಪೂರ್ತಿ ನೆಟ್ಟಗೆ ಚಾಚಿದ್ದರೆ ಸುಮಾರು 15 ನಾಟ್ ಅಥವಾ ಮೇಲೆ. ರನ್‌ವೇಯ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಕಣ್ಣು ಹಾಯಿಸಿ: ದನ, ಜನ, ನೀರು, ನಿಂತ ಜೀಪು. ಆಮೇಲೆ ಸರ್ಕ್ಯೂಟ್ ಇಲ್ಲದ ಬದಿಯಲ್ಲಿ ಎತ್ತರ ಇಳಿಸಿಕೊಂಡು ಸರ್ಕ್ಯೂಟ್‌ಗೆ ಸೇರಿಕೊಳ್ಳಿ.

ಮುಂಗಾರಿನಲ್ಲಿ ನಮ್ಮಲ್ಲಿ ಗಾಳಿ ಹೆಚ್ಚಾಗಿ ಪಶ್ಚಿಮದ ಕಡೆಯಿಂದ, ಚಳಿಗಾಲದಲ್ಲಿ ಪೂರ್ವದ ಕಡೆಯಿಂದ. ನಮ್ಮ ಊಹೆಯ ರನ್‌ವೇಯಲ್ಲಿ ಜುಲೈಗೆ 27, ಡಿಸೆಂಬರ್‌ಗೆ 09. ಆದರೆ ಮಳೆ ಮೋಡ ಹತ್ತಿರ ಬಂದರೆ ಗಾಳಿ ಐದೇ ನಿಮಿಷದಲ್ಲಿ ತಿರುಗಬಹುದು. ಹಿಂದಿನಿಂದ ಬೀಸುವ ಬಾಲದ ಗಾಳಿಯಲ್ಲಿ ಇಳಿಯುವ ಆಸೆ ಬೇಡ. 60 ನಾಟ್‌ನಲ್ಲಿ ನೆಲ ಮುಟ್ಟುವ ವಿಮಾನಕ್ಕೆ 6 ನಾಟ್ ಬಾಲದ ಗಾಳಿ ಸಿಕ್ಕರೆ, ನಿಲ್ಲಿಸಬೇಕಾದ ಶಕ್ತಿ ಶೇ 21ರಷ್ಟು ಜಾಸ್ತಿಯಾಗುತ್ತದೆ. ರನ್‌ವೇ ಒದ್ದೆ ಇದ್ದರೆ ಓಟ ಇನ್ನೂ ಉದ್ದ.

ಕರೆಗಳು ಹೀಗೆ ಬರುತ್ತವೆ: ಓವರ್‌ಹೆಡ್ (ರನ್‌ವೇಯ ಮೇಲೆ), ಡೌನ್‌ವಿಂಡ್ (ರನ್‌ವೇ ಪಕ್ಕದಲ್ಲಿ, ಇಳಿಯುವ ದಿಕ್ಕಿಗೆ ವಿರುದ್ಧವಾಗಿ), ಬೇಸ್ (ರನ್‌ವೇಯ ನೇರಕ್ಕೆ ಅಡ್ಡ ಬರುವ ದಾರಿ), ಫೈನಲ್ (ರನ್‌ವೇಯ ನೇರಕ್ಕೆ ಇಳಿಯುವ ಕೊನೆಯ ದಾರಿ), ಕೊನೆಗೆ ರನ್‌ವೇ ಬಿಟ್ಟ ಮೇಲೆ "ಕ್ಲಿಯರ್ ಆಫ್ ರನ್‌ವೇ". ಡೌನ್‌ವಿಂಡ್ ಮತ್ತು ಬೇಸ್ ಕರೆಗಳನ್ನು ತಿರುಗುತ್ತಲೇ ಹೇಳುವುದು ಒಳ್ಳೆಯದು. ರೆಕ್ಕೆ ವಾಲಿದ ವಿಮಾನ ಬೇಗ ಕಣ್ಣಿಗೆ ಬೀಳುತ್ತದೆ. ಫೈನಲ್‌ಗೆ ತಿರುಗುವ ಮೊದಲು ಎದುರಿನ ನೇರ ದಾರಿಯನ್ನೂ ಹಿಂದುಮುಂದು ನೋಡಿ. ಯಾರೋ ನೇರ ದಾರಿಯಲ್ಲಿ ದೂರದಿಂದ ಬರುತ್ತಿರಬಹುದು.

2022ರ ಆಗಸ್ಟ್ 18ರಂದು ಕ್ಯಾಲಿಫೋರ್ನಿಯಾದ ವ್ಯಾಟ್ಸನ್‌ವಿಲ್‌ನಲ್ಲಿ ಆದದ್ದು ಇದೇ. ಟವರ್ ಇರಲಿಲ್ಲ. ಸಣ್ಣ ಸೆಸ್ನಾ 152 ಸರ್ಕ್ಯೂಟ್‌ನಲ್ಲಿತ್ತು. ಎರಡು ಎಂಜಿನ್‌ನ ಸೆಸ್ನಾ 340 ನೇರ ದಾರಿಯಲ್ಲಿ ಬಹಳ ವೇಗವಾಗಿ ಬಂತು. ಇಬ್ಬರೂ ರೇಡಿಯೊದಲ್ಲಿ ಹೇಳುತ್ತಲೇ ಇದ್ದರು. ಆದರೂ ರನ್‌ವೇ ಹತ್ತಿರ ಬಂದಾಗ ಡಿಕ್ಕಿಯಾಗಿ ಮೂವರು ಸತ್ತರು. ಹಿಂದಿನ ವಿಮಾನದ ವೇಗ ನಿಮ್ಮ ಲೆಕ್ಕಕ್ಕೆ ಹೊಂದುತ್ತಿಲ್ಲ ಅಂತ ಅನಿಸಿದ ಕ್ಷಣವೇ ದಾರಿ ಬಿಟ್ಟುಕೊಡಿ. "ಗೋಯಿಂಗ್ ಅರೌಂಡ್" ಅಂತ ಹೇಳಿ ಮೇಲೇರಲು ಯಾರ ಅಪ್ಪಣೆಯೂ ಬೇಡ.

ಹೊರಡುವಾಗ: ಕ್ವಿನ್ಸಿಯ ಸಂಜೆ

ಹೊರಡುವ ಭಾಗಕ್ಕೆ ನಾನು ಯಾವಾಗಲೂ ಅಮೆರಿಕದ ಇಲಿನಾಯ್ ರಾಜ್ಯದ ಕ್ವಿನ್ಸಿಯನ್ನು ಎತ್ತಿ ಹೇಳುತ್ತೇನೆ. ಈ ಒಂದು ಘಟನೆಯಲ್ಲಿ ಎಲ್ಲ ಪಾಠವೂ ಇದೆ.

1996ರ ನವೆಂಬರ್ 19, ಸಂಜೆ. ಟವರ್ ಇಲ್ಲ. ಒಂದನ್ನೊಂದು ಕತ್ತರಿಸುವ ಎರಡು ರನ್‌ವೇ. ಪ್ರಯಾಣಿಕರ ಬೀಚ್‌ಕ್ರಾಫ್ಟ್ 1900 ವಿಮಾನ ರನ್‌ವೇ 13ಕ್ಕೆ ಇಳಿಯುತ್ತಿತ್ತು. ಸಿಬ್ಬಂದಿ ಮತ್ತೆ ಮತ್ತೆ ತಮ್ಮ ಜಾಗ ಹೇಳುತ್ತಿದ್ದರು. ರನ್‌ವೇ 04ರ ತುದಿಯಲ್ಲಿ ಒಂದು ಕಿಂಗ್ ಏರ್, ಅದರ ಹಿಂದೆ ಒಂದು ಚೆರೊಕೀ ನಿಂತಿದ್ದವು. ಇಳಿಯುತ್ತಿದ್ದವರು ಕೇಳಿದರು: ನೀವು ಅಲ್ಲೇ ತಡೆದು ನಿಲ್ಲುತ್ತೀರಾ, ಹೊರಡುತ್ತೀರಾ? ಕಿಂಗ್ ಏರ್‌ನಿಂದ ಉತ್ತರ ಬರಲಿಲ್ಲ. ಹಿಂದೆ ನಿಂತಿದ್ದ ಚೆರೊಕೀ ಪೈಲಟ್ ತಾನು ಕಾಯುತ್ತಿದ್ದೇನೆ ಅಂತ ಹೇಳಿದರು. ಆ ಮಾತಿನ ಮಧ್ಯೆ ಇಳಿಯುತ್ತಿದ್ದ ವಿಮಾನದ ಎಚ್ಚರಿಕೆ ಯಂತ್ರ ಎತ್ತರ ಕೂಗಿತು. ಸಿಬ್ಬಂದಿಗೆ ಕೇಳಿಸಿದ್ದು ಅರ್ಧ. ಅದರಲ್ಲಿ "ಕಿಂಗ್ ಏರ್" ಅನ್ನುವ ಪದವೂ ಇತ್ತು. ಕಿಂಗ್ ಏರ್ ಪೈಲಟ್ಟೇ ಉತ್ತರ ಕೊಟ್ಟರು ಅಂತ ಅವರು ತಿಳಿದರು. ಕಿಂಗ್ ಏರ್ ಮಾತ್ರ ಟೇಕ್‌ಆಫ್‌ಗೆ ಓಡಿತು. ಎರಡು ರನ್‌ವೇ ಸೇರುವಲ್ಲಿ ಡಿಕ್ಕಿ. ಬೀಚ್‌ಕ್ರಾಫ್ಟ್‌ನ 12 ಜನ, ಕಿಂಗ್ ಏರ್‌ನ ಇಬ್ಬರು, ಒಟ್ಟು 14 ಸಾವು. ಬೀಚ್‌ಕ್ರಾಫ್ಟ್‌ನ ಬಾಗಿಲು ತೆರೆಯಲು ಆಗಲಿಲ್ಲ. ಬೆಂಕಿ ಆರಿಸುವವರು ಸ್ಥಳದಲ್ಲಿ ಇರಲಿಲ್ಲ.

ಕಿಂಗ್ ಏರ್‌ನವರು ರೇಡಿಯೊ ಸರಿಯಾಗಿ ಕೇಳಿಸಿಕೊಳ್ಳಲಿಲ್ಲ ಅಥವಾ ಕಣ್ಣು ಹಾಯಿಸಿ ನೋಡಲಿಲ್ಲ ಅಂತ ತನಿಖೆ ಹೇಳಿತು. ಅರ್ಧಕ್ಕೆ ತುಂಡಾದ ಆ ಉತ್ತರವೂ ಕಾರಣಗಳಲ್ಲಿ ಸೇರಿತು. ಹಾಗಾಗಿ ನನ್ನ ಖಡಾಖಂಡಿತ ಮಾತು: ನೀವು ಕೇಳಿದ ವಿಮಾನದ್ದೇ ಹೆಸರಿನಿಂದ ಉತ್ತರ ಬರದಿದ್ದರೆ ಉತ್ತರ ಬಂದಿಲ್ಲ ಅಂತಲೇ ತಿಳಿಯಿರಿ. ಮತ್ತೆ ಕೇಳಿ, ಇಲ್ಲವೇ ಮೇಲೇರಿ ಹೋಗಿ. ಉತ್ತರ ಕೊಡುವವರೂ ಅಷ್ಟೇ, ತಮ್ಮ ಪೂರ್ತಿ ಹೆಸರು ಹೇಳಿಯೇ ಮಾತಾಡಬೇಕು. ಪ್ರಶ್ನೆ ಬೇರೆಯವರಿಗೆ ಅಂದರೆ ಬಾಯಿ ಹಾಕಬಾರದು. ಅಪಾಯ ಕಂಡರೆ ಮಾತ್ರ ಕೂಗಿ ಹೇಳಿ.

ಹೊರಡುವ ಕ್ರಮ ಹೀಗಿರಲಿ. ಎಂಜಿನ್ ಶುರುವಾದ ಮೇಲೆ, ಚಲಿಸುವ ಮೊದಲು, ಟ್ಯಾಕ್ಸಿ ಕರೆ. ರನ್‌ವೇಯ ಅಂಚಿನ ಗೆರೆಯ ಹಿಂದೆ ನಿಂತು ಎಲ್ಲ ಪರೀಕ್ಷೆ ಮುಗಿಸಿ. ಜಾಗ ಇದ್ದರೆ ವಿಮಾನವನ್ನು ಒಂದು ಸುತ್ತು ತಿರುಗಿಸಿ ಎರಡೂ ತುದಿಯ ಫೈನಲ್ ದಾರಿಯನ್ನು ನೋಡಿ. ಮೇಲ್ರೆಕ್ಕೆಯ ವಿಮಾನದಲ್ಲಿ ಮೇಲಿನದು ಮರೆಯಾಗುತ್ತದೆ, ಕೆಳರೆಕ್ಕೆಯದರಲ್ಲಿ ಕೆಳಗಿನದು. ಲೈಟ್ ಹಾಕಿ. ಆಮೇಲೆ: "ಹಾಸನ ಟ್ರಾಫಿಕ್, ವಿಕ್ಟರ್ ಟ್ಯಾಂಗೊ ಆಲ್ಫಾ ಬ್ರಾವೊ ಚಾರ್ಲಿ, ಎಂಟರಿಂಗ್ ರನ್‌ವೇ ಟು ಸೆವೆನ್, ಬ್ಯಾಕ್‌ಟ್ರ್ಯಾಕಿಂಗ್, ಹಾಸನ ಟ್ರಾಫಿಕ್." ಸಣ್ಣ ಏರ್‌ಸ್ಟ್ರಿಪ್‌ಗಳಲ್ಲಿ ಪಕ್ಕದ ಟ್ಯಾಕ್ಸಿ ದಾರಿ ಇಲ್ಲದೆ ರನ್‌ವೇಯ ಮೇಲೇ ಹಿಂದಕ್ಕೆ ಹೋಗಬೇಕಾಗುತ್ತದೆ. ಆ ಒಂದೆರಡು ನಿಮಿಷ ನೀವು ಇಳಿಯುವವರ ದಾರಿಗೆ ಅಡ್ಡ ಇದ್ದೀರಿ. ಹೇಳದೇ ಹೋಗಬೇಡಿ. ತುದಿಗೆ ತಲುಪಿದ ಮೇಲೆ ರನ್‌ವೇಯಲ್ಲಿ ಕೂತು ಕಾಗದ ನೋಡುವ ಅಭ್ಯಾಸವೂ ಬೇಡ. ರನ್‌ವೇ ಮಧ್ಯೆ ಉಬ್ಬಿದ್ದರೆ ಆ ತುದಿಯ ವಿಮಾನ ಈ ತುದಿಗೆ ಕಾಣುವುದೇ ಇಲ್ಲ.

ಕೆಟ್ಟಾಗ

ರೇಡಿಯೊ ಸತ್ತರೆ ಗಾಬರಿ ಬೇಡ. ವಾಲ್ಯೂಮ್, ಹೆಡ್‌ಸೆಟ್ ಜ್ಯಾಕ್, ಸರ್ಕ್ಯೂಟ್ ಬ್ರೇಕರ್ ನೋಡಿ. ಇನ್ನೊಂದು ರೇಡಿಯೊ ಹಾಕಿ ನೋಡಿ. ರೇಡಾರ್‌ಗೆ ಗುರುತು ಕಳಿಸುವ ಟ್ರಾನ್ಸ್‌ಪಾಂಡರ್‌ನಲ್ಲಿ, ರೇಡಿಯೊ ಕೆಟ್ಟಿದೆ ಅನ್ನುವ ಸಂಕೇತ 7600 ಹಾಕಿ. ಲೈಟ್ ಉರಿಯಲಿ. ಮೇಲಿನಿಂದ ದಾಟಿ, ಉಳಿದವರು ಯಾವ ಕಡೆ ಸುತ್ತುತ್ತಿದ್ದಾರೆ ನೋಡಿ, ಅವರ ಹಿಂದೆ ಸೇರಿಕೊಂಡು ಇಳಿಯಿರಿ. ಬಟನ್ ಸಿಕ್ಕಿಹಾಕಿಕೊಂಡು ಮೈಕ್ ಸದಾ ಆನ್ ಆಗಿಬಿಡುವುದು ಇದಕ್ಕಿಂತ ಕೆಟ್ಟದ್ದು. ಆಗ ಇಡೀ ಫ್ರೀಕ್ವೆನ್ಸಿ ಮುಚ್ಚಿಹೋಗುತ್ತದೆ, ಎಲ್ಲರೂ ಕಿವುಡರು. ಬಹಳ ಹೊತ್ತು ಒಬ್ಬರ ದನಿಯೂ ಕೇಳದಿದ್ದರೆ ಟ್ರಾನ್ಸ್‌ಮಿಟ್ ಗುರುತು ಉರಿಯುತ್ತಲೇ ಇದೆಯೇ ನೋಡಿ.

ಜೀವಕ್ಕೆ ಅಪಾಯ ಅಂದರೆ "ಮೇಡೇ" ಮೂರು ಸಲ. ತುರ್ತು ಇದೆ, ಆದರೆ ತಕ್ಷಣದ ಅಪಾಯ ಇಲ್ಲ ಅಂದರೆ "ಪ್ಯಾನ್ ಪ್ಯಾನ್" ಮೂರು ಸಲ. ಟ್ರಾನ್ಸ್‌ಪಾಂಡರ್‌ನಲ್ಲಿ 7700. ವಿಮಾನದ ತುರ್ತು ಬೀಕನ್ 406 ಮೆಗಾಹರ್ಟ್ಸ್‌ನಲ್ಲಿ ಉಪಗ್ರಹಕ್ಕೆ ಕೂಗುತ್ತದೆ. ಆ ಕೂಗನ್ನು ಹಿಡಿಯುವ ಸಾಧನ ಇರುವ ಇನ್ಸಾಟ್-3ಡಿಆರ್‌ನಂಥ ಉಪಗ್ರಹಗಳನ್ನು ನೋಡಿಕೊಳ್ಳುವುದು ನಮ್ಮ ಹಾಸನದ ಇಸ್ರೋ ಎಂಸಿಎಫ್ (ಉಪಗ್ರಹ ನಿಯಂತ್ರಣ) ಕೇಂದ್ರವೇ. ನನಗೆ ಇದು ಹೆಮ್ಮೆಯ ವಿಷಯ.

ನೆಲದ ಮೇಲಿರುವವರಿಗೆ

ರನ್‌ವೇ ಸುರಕ್ಷತೆಯ ಅರ್ಧ ಭಾಗ ಹಾರದವರ ಕೈಯಲ್ಲಿದೆ. ನಮ್ಮ ಕಡೆ ಸುಗ್ಗಿಯಲ್ಲಿ ಡಾಂಬರು ರಸ್ತೆ ಕಂಡರೆ ರಾಗಿ, ಹುರುಳಿ ಹರಡುತ್ತಾರೆ. ವಾಹನಗಳೇ ಒಕ್ಕಣೆ ಮಾಡಿಕೊಡುತ್ತವೆ. ವಿಮಾನ ವಾರಕ್ಕೊಮ್ಮೆ ಬರುವ ಏರ್‌ಸ್ಟ್ರಿಪ್ ಅಂದರೆ ಊರಿನವರಿಗೆ ಇನ್ನೂ ಒಳ್ಳೆಯ ಕಣ. ಕಾಳಿಗೆ ಪಾರಿವಾಳ, ನವಿಲು ಬರುತ್ತವೆ. ಹಕ್ಕಿಯ ಹಿಂದೆ ನಾಯಿ ಬರುತ್ತದೆ. ಹುಲ್ಲಿನ ಕಂತೆಯ ಒಂದು ಎಳೆ ಬ್ರೇಕಿಗೆ ಸುತ್ತಿಕೊಂಡರೂ ತೊಂದರೆ. ಬೈದು ಓಡಿಸಿದರೆ ನಾಳೆ ಮತ್ತೆ ಬರುತ್ತಾರೆ. ಪಂಚಾಯಿತಿಯವರ ಜೊತೆ ಕೂತು ಬೇರೆ ಕಣದ ಜಾಗ ಮಾಡಿಕೊಡುವುದು, ವಿಮಾನ ಬರುವ ದಿನ ಹಿಂದಿನ ಸಂಜೆಯೇ ತಿಳಿಸುವುದು, ಬೇಲಿಯ ಕಳ್ಳದಾರಿ ಮುಚ್ಚುವುದು, ಇವು ಕೆಲಸ ಮಾಡುತ್ತವೆ. ಏರೋಡ್ರೋಮ್‌ನಿಂದ 10 ಕಿಲೋಮೀಟರ್ ಒಳಗೆ ಪಕ್ಷಿ, ಪ್ರಾಣಿಗಳನ್ನು ಸೆಳೆಯುವಂತೆ ಕಸ, ಮಾಂಸದ ತ್ಯಾಜ್ಯ ಸುರಿಯುವುದಕ್ಕೆ ಕಾನೂನಿನ ನಿಷೇಧ ಇದೆ. ಕೋಳಿ ಅಂಗಡಿಯವರಿಗೂ ಇದು ಗೊತ್ತಿರಬೇಕು.

ವಿಮಾನ ಬರುವ ಅರ್ಧ ಗಂಟೆ ಮೊದಲು ಒಬ್ಬರು ರನ್‌ವೇಯ ಪೂರ್ತಿ ಉದ್ದ ನಿಧಾನಕ್ಕೆ ಹೋಗಿ ಬರಬೇಕು. ಕಲ್ಲು, ನಟ್ಟು, ತಂತಿ, ಪ್ಲಾಸ್ಟಿಕ್ ಚೀಲ ಎಲ್ಲ ಎತ್ತಬೇಕು. 2000ದ ಜುಲೈ 25ರಂದು ಪ್ಯಾರಿಸ್ ಬಳಿ ಕಾಂಕಾರ್ಡ್ ಬಿದ್ದದ್ದು, ಇನ್ನೊಂದು ವಿಮಾನದಿಂದ ಕಳಚಿ ರನ್‌ವೇಯಲ್ಲಿ ಬಿದ್ದಿದ್ದ ಮೊಳದುದ್ದದ ಲೋಹದ ಪಟ್ಟಿಯ ಮೇಲೆ ಚಕ್ರ ಹರಿದು. ಜೀಪಿನಲ್ಲಿ ಹೋಗುವವರ ಕೈಯಲ್ಲಿ ಅದೇ ಫ್ರೀಕ್ವೆನ್ಸಿಯ ರೇಡಿಯೊ ಇರಲಿ, ಜೀಪಿನ ನೆತ್ತಿಯಲ್ಲಿ ಮಿನುಗುವ ದೀಪ ಇರಲಿ. ಮುಖ ಯಾವಾಗಲೂ ಫೈನಲ್ ದಾರಿಯ ಕಡೆ ಇರುವಂತೆ ಓಡಿಸಿದರೆ ಬರುವ ವಿಮಾನ ಮೊದಲು ಅವರಿಗೇ ಕಾಣುತ್ತದೆ. ಮದುವೆ ವಿಡಿಯೊದವರ ಡ್ರೋನ್ ಬಗ್ಗೆಯೂ ಎಚ್ಚರ ಬೇಕು. ಹಾರಿಸುವ ಮೊದಲು ಡ್ರೋನ್ ಎಲ್ಲಿ ಹಾರಿಸಬಹುದು ಅಂತ ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಆ ಜಾಗದ ಬಣ್ಣ ನೋಡಲು ಅವರಿಗೆ ಹೇಳಿ.

ಇಳಿದ ಮೇಲೆ

ಎಂಜಿನ್ ನಿಂತ ತಕ್ಷಣ ಇನ್ನೊಂದು ಕೆಲಸ ಇದೆ. ಟವರ್ ಇದ್ದಿದ್ದರೆ ನೀವು ಇಳಿದದ್ದನ್ನು ಅವರೇ ಮುಂದಕ್ಕೆ ತಿಳಿಸುತ್ತಿದ್ದರು. ಇಲ್ಲಿ ನೀವೇ ಫೋನ್ ಮಾಡಿ ಫ್ಲೈಟ್ ಪ್ಲಾನ್ ಮುಚ್ಚಬೇಕು. ಬರಬೇಕಾದ ಸುದ್ದಿ 30 ನಿಮಿಷ ಕಳೆದರೂ ಬಾರದಿದ್ದರೆ ಹುಡುಕಾಟದ ಮೊದಲ ಹಂತ ಶುರುವಾಗುತ್ತದೆ. ನೀವು ಬೇಲಿ ಪಕ್ಕ ಚಹಾ ಕುಡಿಯುತ್ತಿರುವಾಗ ಅಲ್ಲಿ ಯಾರೋ ನಿಮ್ಮನ್ನು ಹುಡುಕಲು ಹೊರಟಿರುತ್ತಾರೆ. ಮಲೆನಾಡಿನಲ್ಲಿ ಮೊಬೈಲ್ ಸಿಗ್ನಲ್ ನಂಬುವ ಹಾಗಿಲ್ಲ. ಸಿಗ್ನಲ್ ಎಲ್ಲಿ ಸಿಗುತ್ತದೆ, ಅಲ್ಲಿ ಲ್ಯಾಂಡ್‌ಲೈನ್ ಇದೆಯೇ ಅಂತ ಮೊದಲ ಫೋನಿನಲ್ಲೇ ಕೇಳಿಟ್ಟುಕೊಳ್ಳಿ. ಸಿಗ್ನಲ್ ಸಿಗದ ಜಾಗ ಅಂತ ಮೊದಲೇ ಗೊತ್ತಿದ್ದರೆ, ಇನ್ನೂ ಎತ್ತರದಲ್ಲಿ ಇರುವಾಗಲೇ ರೇಡಾರ್ ಘಟಕಕ್ಕೆ ಏರ್‌ಸ್ಟ್ರಿಪ್ ಕಾಣುತ್ತಿದೆ, ಇಳಿಯುತ್ತಿದ್ದೇನೆ ಅಂತ ಹೇಳಿ. ಇಳಿದದ್ದನ್ನು ಎಷ್ಟು ಹೊತ್ತಿಗೆ, ಯಾರ ಮೂಲಕ ತಿಳಿಸುತ್ತೀರಿ ಅನ್ನುವುದನ್ನೂ ಅದೇ ಕರೆಯಲ್ಲಿ ಒಪ್ಪಿಸಿಕೊಂಡುಬಿಡಿ.